ಅಕ್ಕನ ಪಾಲಿಗೆ ನಾನು ಸತ್ತಿದ್ದ ವರ್ಷ

ನಾನು ಓದಿದ ಕೋಲಾರದ ಕಾಲೇಜಿನವರು ಹೋದ ತಿಂಗಳು ನನ್ನಿಂದ ಆನ್‌ಲೈನಿನಲ್ಲಿ ಒಂದು ಭಾಷಣ ಮಾಡಿಸಿದರು. ಹೊರದೇಶದಲ್ಲಿ ಓದುವುದರಿಂದ, ಓದುತ್ತ ಅಲ್ಲಿ ಸ್ವಯಂಸೇವೆ ಮಾಡುವುದರಿಂದ ವ್ಯಕ್ತಿತ್ವ ಹೇಗೆ ಅರಳುತ್ತದೆ ಎಂಬುದು ವಿಷಯ. ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ, ಬಾಡಿಗೆ ಕೋಣೆಯ ಹೀಟರಿಗೆ ಬೆನ್ನು ಕೊಟ್ಟು ಕುಳಿತು, ನಾನು ಚಳಿಯ ಬಗ್ಗೆ, ಲೈಬ್ರರಿಯ ಬಗ್ಗೆ, ಒಬ್ಬಳೇ ಅಡುಗೆ ಮಾಡಿಕೊಳ್ಳುವ ಬಗ್ಗೆ ಹೇಳಿದೆ. ಕೊನೆಗೆ ಒಬ್ಬ ಹುಡುಗಿ, "ಮೇಡಂ, ಅಲ್ಲಿ ನೀವು ಕಲಿತ ದೊಡ್ಡ ಪಾಠ ಯಾವುದು?" ಎಂದು ಕೇಳಿದಳು. "ಸಮಯ ಪಾಲನೆ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಸಿ ಸುಳ್ಳು. ನಾನು ಕಲಿತ ದೊಡ್ಡ ಪಾಠ ನನ್ನ ಅಕ್ಕನಿಗೆ ಸಂಬಂಧಪಟ್ಟದ್ದು. ಅದನ್ನು ಬ್ಯಾನರಿನ ಕೆಳಗೆ ಕೂತವರಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮದು ಸುಗಟೂರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಒಂದು ಉದ್ದನೆಯ ಮನೆ, ಡೈರಿಗೆ ಹಾಲು ಹಾಕಲು ಹಸುಗಳು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ, ನಾನು. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು, ಹಾಗಾಗಿ ಮಾತೂ ಬರಲಿಲ್ಲ. ಬೆಂಗಳೂರಿನಲ್ಲಿ ಇಂಥ ಮಕ್ಕಳಿಗೆ ಶಾಲೆ ಇದೆ, ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ ಎಂದು ಯಾರೋ ಹೇಳಿದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳಂತೆ. ಅಜ್ಜಿ ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ಬೈಯುವುದಕ್ಕೂ ಮುದ್ದು ಮಾಡುವುದಕ್ಕೂ ಅವಳಿಗೆ ತೆಲುಗೇ ಬೇಕು. "ನಾ ತಲ್ಲಿ, ಹಸಿವಾದ್ರೆ ಯಾರ್ನ ಕೇಳ್ತಾಳೆ ಇವಳು? ನಾನಿರೋಗಂಟ ನನ್ ಸೆರಗಲ್ಲೇ ಇರ್ಲಿ" ಎಂದು ಅಂದವಳು ಹಾಗೆಯೇ ಇಟ್ಟುಕೊಂಡಳು. ಅಕ್ಕ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ನಮ್ಮ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ನಡೆಯುತ್ತವೆ. ಅಕ್ಕನಿಗೆ ಎರಡೂ ಇಲ್ಲ. ಅವಳಿಗಾಗಿ ಅಜ್ಜಿ, ಆಮೇಲೆ ನಾನು, ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದೆವು. ಅಜ್ಜಿ ಎಂದರೆ ಕಿವಿಯ ಹಾಲೆಯನ್ನು ಹಿಡಿದು ಕೆಳಕ್ಕೆ ಜಗ್ಗುವುದು, ಓಲೆಯ ಭಾರಕ್ಕೆ ಅಜ್ಜಿಯ ಕಿವಿ ಜೋತುಬಿದ್ದಿದ್ದವು. ನಾನು ಎಂದರೆ ಎಡ ಹುಬ್ಬಿನ ಮೇಲೆ ಬೆರಳು ಎಳೆಯುವುದು, ಚಿಕ್ಕವಳಿದ್ದಾಗ ಬಿದ್ದ ಗಾಯದ ಗುರುತು ಅಲ್ಲಿದೆ. ಕೋಲಾರ ಎಂದರೆ ಬಸ್ಸಿನ ಕಂಬಿ ಹಿಡಿದಂತೆ ಕೈ ಎತ್ತುವುದು. ನಾಳೆ ಎಂದರೆ ಅಂಗೈ ಮೇಲೆ ಕೆನ್ನೆ ಇಟ್ಟು ಒಂದು ಸಲ ಕಣ್ಣು ಮುಚ್ಚಿ ತೆರೆಯುವುದು, ನಾಡಿದ್ದಾದರೆ ಎರಡು ಸಲ. ಅದಕ್ಕಿಂತ ತೀರ ದೂರದ ದಿನ ನಮಗೆ ಬೇಕಾಗಿರಲಿಲ್ಲ. ನಾನು ಕೋಲಾರದ ಕಾಲೇಜಿಗೆ ಹೋಗುವಾಗ ಸಂಜೆಗೆ ವಾಪಸ್ಸು, ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಶನಿವಾರಕ್ಕೆ ವಾಪಸ್ಸು. ಬಸ್ಸು ಕರೆದುಕೊಂಡು ಹೋದದ್ದನ್ನು ಬಸ್ಸೇ ತಂದು ಬಿಡುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು.

ಈ ಕೈಮಾತಿನಲ್ಲಿ ಅಕ್ಕ ಎಂಥ ತರಲೆ ಎಂದರೆ, ಡೈರಿಯಲ್ಲಿ ಹಾಲು ಅಳೆಯುವವರ ನಡಿಗೆ, ಪಕ್ಕದ ಮನೆಯ ಅತ್ತೆ ಸೊಸೆಯ ಜಗಳ, ಅಪ್ಪ ನಿದ್ದೆಯಲ್ಲಿ ಬಾಯಿ ತೆರೆಯುವುದು, ಎಲ್ಲವನ್ನೂ ಮಾಡಿ ತೋರಿಸಿ ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ಅಪ್ಪ ಅಮ್ಮನಿಗೆ ಇದೆಲ್ಲ ಅರ್ಥವಾಗುತ್ತಿರಲಿಲ್ಲ. ಬಾ, ಉಣ್ಣು, ಸೊಪ್ಪು ತಾ, ಅಷ್ಟರಲ್ಲಿ ಅವರ ಕೈಮಾತು ಮುಗಿಯುತ್ತಿತ್ತು. ಪ್ರೀತಿ ಕಡಿಮೆಯಿತ್ತೆಂದಲ್ಲ. ಹುಳು, ಹಸು, ಹೊಲ ಎಂದು ಅವರಿಗೆ ಕೈ ಬಿಡುವಿರಲಿಲ್ಲ.

ನಾನು ಹೊರದೇಶಕ್ಕೆ ಹೊರಡುವ ಹಿಂದಿನ ವರ್ಷ ಅಜ್ಜಿ ತೀರಿಕೊಂಡಳು. ಅಂಗಳದಲ್ಲಿ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಸುಗಂಧರಾಜದ ದೊಡ್ಡ ಹಾರ ಹಾಕಿ ಕೂರಿಸಿದರು. ಊರೆಲ್ಲ ಬಂದು ಸೇರಿತು. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಆಮೇಲೆ ಗಂಡಸರು ಹೊತ್ತುಕೊಂಡು ಹೋದರು. ನಮ್ಮ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ, ಬಾಗಿಲಲ್ಲೇ ನಿಲ್ಲಬೇಕು. ಅಕ್ಕನೂ ನಿಂತಳು. ಅವಳು ಕಂಡದ್ದು ಇಷ್ಟೇ: ಅಜ್ಜಿಗೆ ಹಾರ ಹಾಕಿದರು, ಎಲ್ಲರೂ ಅತ್ತರು, ಅಜ್ಜಿಯನ್ನು ಎಲ್ಲಿಗೋ ಕಳಿಸಿದರು. ಕೆಲವು ದಿನದ ಮೇಲೆ ನಡುಮನೆಯ ಗೋಡೆಗೆ ಅಜ್ಜಿಯ ಫೋಟೋ ಬಂತು. ಅಮ್ಮ ದಿನವೂ ಅದಕ್ಕೆ ಹೂವು ಮುಡಿಸುವುದನ್ನು ನೋಡಿ ಅಕ್ಕನೂ ಮುಡಿಸತೊಡಗಿದಳು. ಕಿವಿ ಜಗ್ಗಿ ನನ್ನನ್ನು ಕೇಳಿದಾಗಲೆಲ್ಲ ನಾನು ಇಲ್ಲ ಎಂದು ಕೈ ಆಡಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನಮ್ಮ ಮಾತಿನಲ್ಲಿ ಜಾಗವಿರಲಿಲ್ಲ.

ಇನ್ನೊಂದಿತ್ತು. ಮುಳಬಾಗಿಲಿನಲ್ಲಿ ನಡೆದ ಒಂದು ಮದುವೆಯಲ್ಲಿ ಯಾರೋ ಅಜ್ಜಿಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು. ಅಜ್ಜಿ ಎಲೆಅಡಿಕೆ ಅಗಿಯುತ್ತ, ಕ್ಯಾಮರಾ ಕಡೆ ಕೈ ಬೀಸಿ ನಗುತ್ತಾಳೆ. ಅಮ್ಮ ಅದನ್ನು ಹಾಕಿಕೊಂಡು ಅಳುತ್ತಿದ್ದಳು. ಮೊದಲ ಸಲ ನೋಡಿದಾಗ ಅಕ್ಕ ಫೋನನ್ನು ತಿರುಗಿಸಿ ಹಿಂದೆ ನೋಡಿದಳು. ಅಜ್ಜಿಗೆ ಕೈ ಬೀಸಿದಳು, ಬಾ ಎಂದು ಕರೆದಳು. ಅಜ್ಜಿ ಅದೇ ನಗು ನಕ್ಕಳು, ಅದೇ ಕೈ ಬೀಸಿದಳು. ಹೀಗೆ ಹಲವು ಸಲ ಆದ ಮೇಲೆ ಅಕ್ಕ ಕರೆಯುವುದನ್ನು ಬಿಟ್ಟಳು. ಫೋನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹುಳದ ಮನೆಗೆ ಹೊರಟುಹೋಗುತ್ತಿದ್ದಳು.

ಇನ್ನು ನಾನು ಹೊರಟ ದಿನ. ಆಹಾರ ವಿಜ್ಞಾನ ಓದಲು ಸೀಟು ಸಿಕ್ಕಿತ್ತು. ನಮ್ಮ ಬೀದಿಯಿಂದ ಹೊರದೇಶಕ್ಕೆ ಹೋಗುವ ಮೊದಲ ಹುಡುಗಿ ಎಂದು ಊರಿನವರು ಮನೆ ಮುಂದೆ ಶಾಮಿಯಾನ ಹಾಕಿಸಿದರು. ಶಾಲು ಹೊದಿಸಿದರು. ಕೋಲಾರದಿಂದ ತಂದ ಸುಗಂಧರಾಜದ ಹಾರ ಹಾಕಿದರು. ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತೆ. ಹೊರಡುವ ಹೊತ್ತಿಗೆ ಅಮ್ಮ ಬಾಯಿ ಬಿಟ್ಟು ಅತ್ತಳು, ಅವಳನ್ನು ನೋಡಿ ಬೀದಿಯ ಹೆಂಗಸರೆಲ್ಲ ಅತ್ತರು. ಕಾರಿಗೆ ಅಡ್ಡ ಬರುತ್ತಾಳೆಂದು ಮಾಲೂರಿನ ಚಿಕ್ಕಮ್ಮ ಅಕ್ಕನನ್ನು ಬಾಗಿಲಲ್ಲೇ ಹಿಡಿದುಕೊಂಡಿದ್ದಳು. ಹಿಂದಿನ ದಿನವೆಲ್ಲ ನಾನು ಅಕ್ಕನಿಗೆ ವಿಮಾನ ತೋರಿಸಿದ್ದೆ, ಓದು ತೋರಿಸಿದ್ದೆ, ಬರ್ತೀನಿ ಎಂದು ತೋರಿಸಿದ್ದೆ. ಯಾವಾಗ ಎಂದು ಅವಳು ಕೇಳಿದಳು. ನಾನು ಕೆನ್ನೆಗೆ ಕೈ ಇಟ್ಟು ಕಣ್ಣು ಮುಚ್ಚಿ, ತೆರೆದು, ಮುಚ್ಚಿ, ತೆರೆದು, ಸಾಕಾಗಿ ನಕ್ಕುಬಿಟ್ಟೆ. ಅವಳು ನಗಲಿಲ್ಲ.

ನಾನು ಇತ್ತ ಬಂದ ಮೇಲೆ, ಆ ದಿನ ಹಾರ ಹಾಕಿಕೊಂಡು ತೆಗೆಸಿದ ಫೋಟೋವನ್ನೇ ಅಪ್ಪ ಹೆಮ್ಮೆಗೆ ದೊಡ್ಡದು ಮಾಡಿಸಿ ಅಜ್ಜಿಯ ಪಕ್ಕಕ್ಕೆ ನೇತುಹಾಕಿದ. ಅಲ್ಲಿ ಮೊದಲೇ ಒಂದು ಮೊಳೆ ಇತ್ತಂತೆ.

ಒಂದು ದಿನ ಅಮ್ಮ ಫೋನಿನಲ್ಲಿ ನಗುತ್ತ ಹೇಳಿದಳು. "ನಿಮ್ಮಕ್ಕ ದಿನಾ ನಿನ್ ಫೋಟೋಗೆ ಹೂವ ಮುಡಿಸ್ತಾಳೆ ಕಣೇ. ಬ್ಯಾಡ ಅಂತ ತೆಗುದ್ರೆ ಮತ್ತೆ ತಂದು ಇಡ್ತಾಳೆ. ಎಷ್ಟು ಪ್ರೀತಿ ನೋಡು." ನನಗೂ ಹೃದಯ ಉಬ್ಬಿತು. ಜೊತೆಯಲ್ಲಿ ಓದುವವರಿಗೆಲ್ಲ ಹೇಳಿಕೊಂಡೆ. ಅಷ್ಟರಲ್ಲಿ ಮಾಲೂರಿನ ಚಿಕ್ಕಮ್ಮ ಮನೆಗೆ ಬಂದವಳು ಅದನ್ನು ನೋಡಿ ರಂಪ ಮಾಡಿದಳಂತೆ. ಬದುಕಿರುವವರ ಫೋಟೋಗೆ ಹೂವು ಮುಡಿಸಬಾರದು, ನನಗೆ ಕೆಡುಕಾಗುತ್ತದೆ ಎಂದು. ಅಮ್ಮ ಹೆದರಿ ನನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ನಾನು ಹುಷಾರಾಗಿ ರಸ್ತೆ ದಾಟಬೇಕೆಂದು ಅಪ್ಪ ಫೋನು ಮಾಡಿ ಹೇಳಿದ. ಎಲ್ಲರಿಗೂ ನನ್ನದೇ ಚಿಂತೆ. ಹೂವು ಇಡುವವಳ ಮನಸ್ಸಿನಲ್ಲಿ ಏನಿದೆ ಎಂದು ಒಬ್ಬರಾದರೂ ಕೇಳಿಕೊಂಡಿದ್ದರೆ! ಈಗಲೂ ನೆನೆದರೆ ಮೈ ಉರಿಯುತ್ತದೆ.

ವಿಡಿಯೋ ಕಾಲ್ ಮಾಡಿದರೆ ಅಕ್ಕ ಬರುತ್ತಿರಲಿಲ್ಲ. ಬಂದರೂ ಒಂದು ಗಳಿಗೆ ನೋಡಿ ಎದ್ದು ಹೋಗುತ್ತಿದ್ದಳು. ಊರಿನ ಕಡೆ ನೆಟ್‌ವರ್ಕ್ ಬೇರೆ ಸರಿಯಿಲ್ಲ, ನನ್ನ ಮುಖ ಅರ್ಧಕ್ಕೇ ನಿಂತುಬಿಡುತ್ತಿತ್ತು. "ನಿನ್ ಮೇಲೆ ಸಿಟ್ಟು ಕಣೇ ಅವಳ್ಗೆ, ಬಿಟ್ಟು ಹೋದಳು ಅಂತ" ಎಂದು ಅಮ್ಮ ವಿವರಿಸಿದಳು. ಸಿಟ್ಟಾದರೆ ಇಳಿಯುತ್ತದೆ ಎಂದುಕೊಂಡೆ.

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳು ಊರಿನ ಜನರ ಜೊತೆ ಬೆರೆಯಲಿ ಎಂದು ಸ್ವಯಂಸೇವೆಗೆ ಕಳಿಸುತ್ತಾರೆ. ಗಿಡ ನೆಡುವುದು, ಹಳೆ ಬಟ್ಟೆ ವಿಂಗಡಿಸುವುದು ಎಂದು ಹಲವು ಕೆಲಸಗಳಿದ್ದವು. ಕಿವಿ ಕೇಳದ ಹಿರಿಯರು ಶನಿವಾರ ಮಧ್ಯಾಹ್ನ ಸೇರುವ ಒಂದು ಸಂಘವಿತ್ತು, ಅಲ್ಲಿ ಟೀ ಕೊಡಲು ಜನ ಬೇಕಿತ್ತು. ಅಕ್ಕನ ನೆನಪಿಗೆ ನಾನು ಅದನ್ನೇ ಆರಿಸಿಕೊಂಡೆ. ಸಂಘ ನಡೆಸುವ ಹೆಂಗಸು, ನಿನ್ನ ಅಕ್ಕ ಯಾವ ಸನ್ನೆ ಭಾಷೆ ಆಡುತ್ತಾಳೆ ಎಂದು ಕೇಳಿದಳು. ನಮ್ಮದೇ, ನಾವೇ ಮಾಡಿಕೊಂಡದ್ದು, ಎಂದು ನಾನು ಜಂಬದಿಂದ ಹೇಳಿದೆ. ಎಷ್ಟು ಜನ ಆಡುತ್ತೀರಿ ಎಂದು ಕೇಳಿದಳು. ಈಗ ನಾವಿಬ್ಬರೇ ಎಂದೆ. ಅವಳು ನನ್ನ ಭುಜದ ಮೇಲೆ ಕೈ ಇಟ್ಟಳು.

ಸಂಘದ ಸಭಾಂಗಣದೊಳಗೆ ಹೋದ ಮೊದಲ ದಿನ ನನಗೆ ತಲೆ ಗಿರ್ರೆಂದಿತು. ನಲವತ್ತು ಐವತ್ತು ಜನ, ಒಂದು ಶಬ್ದವಿಲ್ಲ, ಆದರೆ ಸಂತೆಯ ಗದ್ದಲ. ರಾಜಕೀಯ, ಮಂಡಿ ನೋವು, ಸೊಸೆಯ ಮೇಲಿನ ದೂರು, ಪೋಲಿ ಜೋಕು, ಎಲ್ಲವೂ ಕೈಯಲ್ಲೇ. ಹೋದ ವರ್ಷದ್ದು, ಮುಂದಿನ ವರ್ಷದ್ದು, ಹಾಗಾಗಿದ್ದರೆ ಹೀಗಾಗುತ್ತಿತ್ತು ಎನ್ನುವುದು ಕೂಡ. ಟೀ ಕೊಡುತ್ತ ನಾನು ಆ ಭಾಷೆಯನ್ನು ಸ್ವಲ್ಪ ಸ್ವಲ್ಪವೇ ಕಲಿತೆ. ತಪ್ಪು ಮಾಡಿದರೆ ಮುದುಕರು ಕೈಗೆ ಏಟು ಕೊಟ್ಟು ತಿದ್ದುತ್ತಿದ್ದರು. ಒಂದು ಕಥೆಯನ್ನು ಹೇಗೆ ಹೇಳಬೇಕು, ಈ ಜಾಗದಲ್ಲಿ ಇವರನ್ನು ನಿಲ್ಲಿಸಿ, ಆ ಜಾಗದಲ್ಲಿ ಅವರನ್ನು ನಿಲ್ಲಿಸಿ, ಆಮೇಲೆ ಆಗಿದ್ದನ್ನು ಮೈಯಿಂದ ಹೇಗೆ ತೋರಿಸಬೇಕು ಎಂಬುದನ್ನು ಅವರಿಂದಲೇ ಕಲಿತೆ. ಸಂತೋಷವಾಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ನನ್ನ ಅಕ್ಕ ಇಲ್ಲಿ ಬಂದು ಕೂತಿದ್ದರೆ ಇವರಿಗೆಲ್ಲ ನೀರು ಕುಡಿಸಿಬಿಡುತ್ತಿದ್ದಳು ಎನ್ನಿಸುತ್ತಿತ್ತು.

ಅಲ್ಲಿ ಒಬ್ಬ ಅಜ್ಜಿ ಇದ್ದರು, ಬೆಳ್ಳಿ ಕೂದಲು, ತುಟಿಗೆ ಯಾವಾಗಲೂ ಕೆಂಪು. ಒಂದು ಶನಿವಾರ ಅವರು ತಮ್ಮ ಚಿಕ್ಕಂದಿನ ಕಥೆ ಹೇಳಿದರು. ಐದು ವರ್ಷದವರಿದ್ದಾಗ ಅವರ ತಾಯಿ ರೈಲಿನಲ್ಲಿ ಒಂದು ದೊಡ್ಡ ಕಟ್ಟಡಕ್ಕೆ ಕರೆತಂದು, ಅತ್ತು, ಮುದ್ದಿಟ್ಟು, ಬಿಟ್ಟು ಹೋದರಂತೆ. ಅದು ಕಿವಿ ಕೇಳದ ಮಕ್ಕಳ ವಸತಿ ಶಾಲೆ. ಆದರೆ ಅದನ್ನು ಆ ಮಗುವಿಗೆ ಹೇಳುವುದು ಹೇಗೆ? ತಾಯಿ ಸತ್ತರು ಎಂದೇ ಅವರು ತಿಳಿದರಂತೆ. ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ತಾಯಿಗಾಗಿ ಅತ್ತು ಅತ್ತು, ಕೊನೆಗೆ ಅಳುವುದನ್ನೂ ಬಿಟ್ಟರಂತೆ. ರಜೆ ಬಂದಾಗ ಅದೇ ತಾಯಿ ಗೇಟಿನಿಂದ ನಡೆದು ಬಂದದ್ದನ್ನು ಕಂಡು ಚೀರಿಕೊಂಡು ಮೇಜಿನ ಕೆಳಗೆ ಅವಿತುಕೊಂಡರಂತೆ. ಅವರು ಅದನ್ನು ಮಾಡಿ ತೋರಿಸಿದ ರೀತಿಗೆ ಸುತ್ತ ಕೂತವರೆಲ್ಲ ನಕ್ಕರು, ನಾನೂ ನಕ್ಕೆ. "ಯಾರೂ ಕೆಟ್ಟವರಲ್ಲ. ನನಗೆ ನೋವಾಗದಿರಲಿ ಎಂದು ಎಲ್ಲರೂ ಸುಮ್ಮನಿದ್ದರು" ಎಂದು ಅವರು ಮುಗಿಸಿದರು.

ಆಮೇಲೆ ನಾನು ಸಂಘದ ಅಡುಗೆಮನೆಗೆ ಹೋಗಿ ಟೀ ಕಪ್ಪುಗಳನ್ನು ತೊಳೆಯುತ್ತಿದ್ದೆ. ಹಾರ, ಹೊಸ ಸೀರೆ, ಕುರ್ಚಿ, ಅಳುವ ಹೆಂಗಸರು, ಬಾಗಿಲಲ್ಲಿ ಹಿಡಿದು ನಿಲ್ಲಿಸಿದ ಅಕ್ಕ, ಗೋಡೆಯ ಫೋಟೋ, ಫೋನಿನೊಳಗೆ ನಗುವ ಮುಖ. ಒಂದಾದ ಮೇಲೊಂದು ಕಣ್ಣ ಮುಂದೆ ಬಂದು ನಿಂತವು. ನಲ್ಲಿ ನಿಲ್ಲಿಸಿ ಒದ್ದೆ ಕೈ ಒರೆಸಿಕೊಂಡೆ.

ಮನೆಗೆ ಫೋನು ಮಾಡಿದೆ. "ಅಮ್ಮಾ, ಅಕ್ಕ ನಾನು ಸತ್ತೋಗಿದೀನಿ ಅನ್ಕೊಂಡಿದ್ದಾಳೆ" ಎಂದೆ.

"ಬಿಡ್ತು ಅನ್ನು! ಏನ್ ಮಾತು ಅಂತ ಆಡ್ತೀಯೇ" ಎಂದು ಅಮ್ಮ ಗದರಿದಳು. ಎಲ್ಲವನ್ನೂ ಬಿಡಿಸಿ ಹೇಳಿದೆ. ಆಮೇಲೆ ಅಮ್ಮ ಸಣ್ಣ ದನಿಯಲ್ಲಿ, "ನೀನ್ ಹೋದ್ ಮ್ಯಾಲೆ ಅವಳು ತಲೆಗೆ ಹೂವ ಮುಡಿಲಿಲ್ಲ ಕಣೇ. ಕೋಪಕ್ಕೆ ಅಂದ್ಕೊಂಡಿದ್ದೆ" ಎಂದಳು.

ಅಕ್ಕನನ್ನು ಎಳೆದು ತಂದು ಫೋನಿನ ಮುಂದೆ ಕೂರಿಸಿದರು. ನಾನು ಹುಬ್ಬು ತೋರಿಸಿದೆ, ಇಲ್ಲಿದ್ದೀನಿ ಎಂದೆ, ಅನ್ನ ತಿಂದು ತೋರಿಸಿದೆ, ಡೈರಿಯವರ ನಡಿಗೆ ನಡೆದೆ. ಅವಳು ನೋಡಿದಳು. ಒಂದು ಸಲವೂ ಕೈ ಎತ್ತಲಿಲ್ಲ. ಉತ್ತರ ಬಾರದ ಕಡೆಗೆ ಯಾರು ಮಾತಾಡುತ್ತಾರೆ? ನನ್ನ ಮುಖ ಫೋನಿನಲ್ಲಿ ನಿಂತುಹೋದಾಗ ಅವಳು ಕೈ ಚಾಚಿ ಅದನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಎದ್ದು ಹೋದಳಂತೆ. ಅಪ್ಪ ತನಗೆ ತಿಳಿದ ಹಾಗೆ ಏನೇನೋ ಕೈ ಮಾಡಿ ವಿವರಿಸಲು ಹೋಗಿ ಅವಳನ್ನು ಇನ್ನಷ್ಟು ಅಳಿಸಿದ. ಅಲ್ಲಿಗೆ ನನಗೆ ತಿಳಿಯಿತು, ಇದು ಫೋನಿನಿಂದ ಆಗುವ ಕೆಲಸವಲ್ಲ. ರಜೆ ಬಂದ ಕೂಡಲೇ ಹೊರಟೆ.

ಬೆಂಗಳೂರಿಗೆ ಕಾರು ತರುತ್ತೇನೆಂದು ಅಪ್ಪ ಹೇಳಿದರೂ ಬೇಡವೆಂದು ಬಸ್ಸಿನಲ್ಲೇ ಬಂದೆ. ಹಳೆಯ ಚೂಡಿದಾರ ಹಾಕಿಕೊಂಡಿದ್ದೆ. ಅಕ್ಕ ಅಂಗಳದಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ತಲೆ ಎತ್ತಿದಳು. ಓಡಿ ಬರಲಿಲ್ಲ, ಚೀರಲಿಲ್ಲ, ನಿಂತಲ್ಲೇ ಮೆಲ್ಲಗೆ ನೆಲಕ್ಕೆ ಕುಸಿದು ಕೂತಳು. ನಾನು ಹತ್ತಿರ ಹೋಗಿ ಮುಂದೆ ಕೂತೆ. ಅವಳು ಬೆರಳು ಚಾಚಿ ನನ್ನ ಹುಬ್ಬಿನ ಗಾಯದ ಮೇಲೆ ಎಳೆದಳು, ಉಗುರು ಒತ್ತಿದಳು. ತೋಳು ಹಿಡಿದು ರಕ್ತ ಬರುವಂತೆ ಚಿವುಟಿದಳು. ನಾನು ಅಯ್ಯೋ ಎಂದು ಬಾಯಿ ತೆರೆದದ್ದನ್ನು ನೋಡಿ ಕೆನ್ನೆಗೆ ಫಳಾರನೆ ಒಂದು ಬಾರಿಸಿದಳು. ಆಮೇಲೆ ತಬ್ಬಿಕೊಂಡು ಕೂಗಿದ ಕೂಗಿಗೆ ಕಟ್ಟಿದ ಹಸುಗಳು ಹಗ್ಗ ಜಗ್ಗಿದವು. ನನಗೆ ಅಂಥ ಸಂತೋಷ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಕ್ಕಿಲ್ಲ.

ಅವತ್ತು ಅಕ್ಕ ತಾನೇ ಸ್ಟೂಲು ಹತ್ತಿ ನನ್ನ ಫೋಟೋ ಇಳಿಸಿದಳು. ಗೂಟಕ್ಕೆ ಸಿಕ್ಕಿಸಿದ್ದ ಬಾಚಣಿಗೆ ತೆಗೆದು ತಲೆ ಬಾಚಿಸಿಕೊಂಡು, ಅಮ್ಮ ಕಟ್ಟಿದ ಮಲ್ಲಿಗೆ ಮುಡಿದಳು. ಇಬ್ಬರೂ ಕೈ ಸೋಲುವವರೆಗೆ ಮಾತಾಡಿದೆವು. ಒಂದು ವರ್ಷದ ಊರಿನ ಸುದ್ದಿಯನ್ನೆಲ್ಲ ಅವಳು ಮಾಡಿ ತೋರಿಸಿದಳು. ನಾನು ಕಲಿತು ಬಂದ ಹೊಸ ಸನ್ನೆಗಳನ್ನು ನಡುವೆ ಸೇರಿಸಿದರೆ ಥಟ್ಟನೆ ಹಿಡಿದುಕೊಳ್ಳುತ್ತಿದ್ದಳು. ಈ ರಜೆಯಲ್ಲೇ ಇವಳಿಗೆ ಎಲ್ಲ ಕಲಿಸಿಬಿಡುತ್ತೇನೆ, ಜನ್ಮವೆಲ್ಲ ಆಡಲಾಗದ್ದನ್ನು ಇವಳು ಆಡುತ್ತಾಳೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ಮಾರನೆಯ ದಿನ ಅಕ್ಕ ಪೆಟ್ಟಿಗೆಯಿಂದ ಅಜ್ಜಿಯ ಸೀರೆಗಳನ್ನು ತೆಗೆದು ಬಿಸಿಲಿಗೆ ಹರಡಿದಳು. ಎಲೆಅಡಿಕೆ ಕುಟ್ಟುವ ಕುಟ್ಟಾಣಿಯನ್ನು ಹುಣಸೆಹಣ್ಣು ಹಾಕಿ ಬೆಳಗಿದಳು. ನಾನು ಬಂದ ಸಡಗರಕ್ಕೆ ಮನೆ ಚೊಕ್ಕಟ ಮಾಡುತ್ತಿದ್ದಾಳೆ ಎಂದುಕೊಂಡೆವು. ಸಂಜೆ ಅವಳು ನನ್ನ ಕೈ ಹಿಡಿದು ಬಸ್ ಸ್ಟಾಪಿಗೆ ಎಳೆದುಕೊಂಡು ಹೋದಳು. ಕೋಲಾರದ ಬಸ್ಸು ಬಂತು. ಇಳಿದವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದಳು. ಬಸ್ಸು ಹೊರಟಿತು. ಅವಳು ನನ್ನ ಕಡೆ ತಿರುಗಿ, ಕಿವಿಯ ಹಾಲೆಯನ್ನು ಹಿಡಿದು ಜಗ್ಗಿ, ಎಲ್ಲಿ ಎಂದು ಕೈ ತಿರುವಿದಳು. ಮುಖದ ತುಂಬ ನಗು.

ಅವಳ ಪಾಲಿಗೆ ಸತ್ತಿದ್ದ ನಾನು ಬಸ್ಸಿನಲ್ಲಿ ಬಂದಿಳಿದಿದ್ದೆ. ಹಾಗಿದ್ದ ಮೇಲೆ ಅಜ್ಜಿ ಯಾಕೆ ಬರುವುದಿಲ್ಲ?

ಅಂದಿನಿಂದ ದಿನವೂ ಅವಳು ಬಸ್ಸಿನ ಹೊತ್ತಿಗೆ ತಲೆ ಬಾಚಿಕೊಂಡು ಹೋಗಿ ನಿಲ್ಲತೊಡಗಿದಳು. ಅಡುಗೆಮನೆಯಲ್ಲಿ ಅಜ್ಜಿಯ ತಟ್ಟೆಯನ್ನೂ ಸಾಲಿಗೆ ಇಡುತ್ತಿದ್ದಳು. ಅಮ್ಮ ಕಣ್ಣೀರು ಒರೆಸಿಕೊಂಡು, "ಬಿಡೇ, ನಾಲ್ಕು ದಿನ ನೋಡಿ ತಾನೇ ಸುಮ್ನಾಗ್ತಾಳೆ. ಖುಷಿಯಾಗಿದ್ದಾಳೆ, ಇರ್ಲಿ" ಎಂದಳು. ಅಪ್ಪನೂ ಅದನ್ನೇ ಹೇಳಿದ. ನನಗೆ ಸಂಘದ ಆ ಬೆಳ್ಳಿ ಕೂದಲಿನ ಅಜ್ಜಿಯ ಮಾತು ಕಣ್ಣಲ್ಲಿ ಕೂತಿತ್ತು. ನೋವಾಗದಿರಲಿ ಎಂದು ಇವಳ ಸುತ್ತ ಎಲ್ಲರೂ ಸುಮ್ಮನಿದ್ದದ್ದು ಸಾಲದೇ? ನಾನು ಮತ್ತೆ ಹೋಗಬೇಕು. ನಾನು ಹೋದ ಮೇಲೆ ಇವಳು ಆ ಸ್ಟಾಪಿನಲ್ಲಿ ಎಷ್ಟು ಕಾಲ ನಿಲ್ಲುತ್ತಾಳೆ? ನನ್ನನ್ನೂ ಅಜ್ಜಿಯನ್ನೂ ಒಂದೇ ಬಸ್ಸಿನಲ್ಲಿ ಕಾಯುತ್ತಾಳೆಯೇ? "ನಾನು ಹೇಳ್ತೀನಿ. ಇವಳಿಗೆ ಗೊತ್ತಾಗ್ಬೇಕು" ಎಂದೆ. "ನಿನ್ ಓದಿನ್ ಮನೆ ಹಾಳಾಗ" ಎಂದು ಅಮ್ಮ ಎದ್ದು ಹೋದಳು.

ಅಜ್ಜಿಯನ್ನು ಮಣ್ಣು ಮಾಡಿದ್ದು ನಮ್ಮ ತೋಟದ ಮೂಲೆಯಲ್ಲೇ, ಹೊಂಗೆ ಮರದ ಕೆಳಗೆ. ಒಂದು ಗುಡ್ಡೆ, ತಲೆ ಕಡೆ ಒಂದು ಕಲ್ಲು. ಅಕ್ಕನಿಗೆ ಅದು ಬರೀ ಗುಡ್ಡೆ. ಸೊಪ್ಪು ಕೊಯ್ದು ಹೊರೆ ಕಟ್ಟುವಾಗ ಅದೇ ಕಲ್ಲಿನ ಮೇಲೆ ಇಟ್ಟು ಕಟ್ಟುತ್ತಿದ್ದಳು. ಅಮ್ಮ ಕಂಡರೆ ಬೈದು ಹೊರೆ ತೆಗೆಸುತ್ತಿದ್ದಳು, ಯಾಕೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಬೆಳಗಿನ ಸೊಪ್ಪು ಕೊಯ್ದ ಮೇಲೆ ಅವಳನ್ನು ಅಲ್ಲಿ ಕೂರಿಸಿದೆ. ಸಂಘದಲ್ಲಿ ಕಲಿತದ್ದನ್ನೆಲ್ಲ ಒಟ್ಟು ಮಾಡಿಕೊಂಡೆ. ಇಲ್ಲಿ ಮನೆ, ಅಲ್ಲಿ ತೋಟ ಎಂದು ಗಾಳಿಯಲ್ಲಿ ಜಾಗ ಮಾಡಿದೆ. ಅಜ್ಜಿ ಕೂತಿದ್ದಾಳೆ, ಕಣ್ಣು ಮುಚ್ಚಿದೆ, ಉಸಿರಿಲ್ಲ. ಹಾರ. ಗಂಡಸರು ಹೊರುತ್ತಾರೆ, ಬಾಗಿಲು ದಾಟುತ್ತಾರೆ. ಅವಳು ತಲೆಯಾಡಿಸಿದಳು, ಅದು ಅವಳು ಕಂಡದ್ದೇ. ಆಮೇಲೆ ಅವಳು ಕಾಣದ್ದನ್ನು ತೋರಿಸಿದೆ. ದಾರಿ, ತೋಟ, ಈ ಮರ, ಗುದ್ದಲಿ, ಗುಂಡಿ. ಅಜ್ಜಿಯನ್ನು ಎರಡು ಕೈಯಲ್ಲಿ ಎತ್ತಿ ಒಳಗೆ ಇಳಿಸಿದೆ. ಮೇಲೆ ಮಣ್ಣು ಎಳೆದೆ. ಕಿವಿ ಜಗ್ಗಿ, ಗುಡ್ಡೆಯ ಮೇಲೆ ಕೈ ಇಟ್ಟೆ.

ಅಕ್ಕ ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ನನ್ನ ಕೈಗೆ ಹೊಡೆದಳು. ನಾನು ನಗಲಿಲ್ಲ. ಮತ್ತೆ ಮೊದಲಿನಿಂದ ತೋರಿಸಿದೆ. ಅವಳ ನಗು ತುಟಿಯಲ್ಲೇ ಉಳಿದು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಗುಡ್ಡೆಯನ್ನು ನೋಡಿದಳು, ಕಲ್ಲನ್ನು ನೋಡಿದಳು, ಕಲ್ಲಿನ ಮೇಲೆ ತಾನೇ ಇಟ್ಟಿದ್ದ ಹೊರೆಯನ್ನು ನೋಡಿದಳು. ಹೊರೆಯನ್ನು ಎಳೆದು ಆಚೆ ಎಸೆದಳು. ಆಮೇಲೆ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ನಾನು ಹಿಡಿದೆ, ನನ್ನನ್ನು ದೂಡಿದಳು. ಕುಡುಗೋಲು ತೆಗೆದುಕೊಂಡು ಕೆತ್ತಿದಳು. ಗಂಟಲಿನಿಂದ ಒಂದು ಸ್ವರ ಹೊರಟಿತು, ಅಂಥದ್ದನ್ನು ನಾನು ಅವಳಿಂದ ಎಂದೂ ಕೇಳಿರಲಿಲ್ಲ. ಅಕ್ಕಪಕ್ಕದ ಹೊಲದವರು ಓಡಿ ಬಂದರು. ಅಪ್ಪ ಬಂದು ಅವಳ ಕೈಯಿಂದ ಕುಡುಗೋಲು ಕಿತ್ತುಕೊಂಡು, "ಏನೇ ಮಾಡ್ದೆ ಅವಳ್ಗೆ? ಏನ್ ಮಾಡ್ದೆ?" ಎಂದು ನನ್ನ ಮೇಲೆ ಕೈ ಎತ್ತಿದ. ಹೊಡೆಯಲಿಲ್ಲ. ಹಾಗೇ ಕೂತು ಅವನೂ ಅತ್ತ.

ಅಕ್ಕನ ಅಜ್ಜಿ ತೀರಿಕೊಂಡದ್ದು ಆ ದಿನ. ನಮ್ಮೆಲ್ಲರ ಅಳು ಎಂದೋ ಮುಗಿದುಹೋಗಿತ್ತು, ಅವಳೊಬ್ಬಳೇ ಅಳಬೇಕಾಯಿತು. ಗೋಡೆ ಕಡೆ ಮುಖ ಮಾಡಿ ಮಲಗಿದಳು, ಮುದ್ದೆ ಮುಟ್ಟಲಿಲ್ಲ. ಮಾತಾಡಿಸಲು ಹೋದರೆ ನನ್ನ ಎರಡೂ ಕೈಗಳನ್ನು ಹಿಡಿದು ಮಡಿಲಲ್ಲಿ ಅದುಮಿಟ್ಟಳು, ಇನ್ನೇನೂ ಹೇಳಬೇಡ ಎಂಬಂತೆ. ನನಗೆ ತಪ್ಪು ಮಾಡಿದೆ ಎನಿಸಲಿಲ್ಲ. ಸರಿ ಮಾಡಿದೆ ಎಂದೂ ಎನಿಸಲಿಲ್ಲ.

ನಾನು ಹೊರಡುವ ದಿನ ಹತ್ತಿರ ಬಂದಾಗ ಅವಳೇ ಕೈ ಎತ್ತಿದಳು. ನನ್ನ ಹುಬ್ಬು ತೋರಿಸಿದಳು, ಬಟ್ಟೆ ತುಂಬಿದ ಬ್ಯಾಗು ತೋರಿಸಿದಳು, ಕೊನೆಗೆ ನೆಲ ತೋರಿಸಿ ಮಣ್ಣು ಎಳೆದು ಮುಚ್ಚಿದಂತೆ ಮಾಡಿ, ನನ್ನ ಮುಖ ನೋಡಿದಳು. ಅಲ್ಲ ಎಂದೆ. ನಾನು ಓದಲು ಹೋಗುತ್ತೇನೆ, ಬಸ್ಸಿನಲ್ಲಿ ಬರುತ್ತೇನೆ, ಮಣ್ಣಿಗೆ ಅಲ್ಲ. ಅವಳು ಮತ್ತೆ ಕೇಳಿದಳು, ಮತ್ತೆ ಹೇಳಿದೆ. ದಿನಕ್ಕೆ ಹತ್ತಾರು ಸಲ ಹೇಳಿಸಿದಳು. ಹೊರಡುವ ಬೆಳಿಗ್ಗೆ ಹಾರ ಇರಲಿಲ್ಲ, ಜನ ಇರಲಿಲ್ಲ. ಅಮ್ಮನಿಗೆ ಅಳಬೇಡ ಎಂದು ಆಣೆ ಹಾಕಿಸಿದ್ದೆ. ಕಾಲೇಜಿಗೆ ಹೋಗುವವಳಂತೆ ಬಸ್ಸು ಹತ್ತಿದೆ. ಅಕ್ಕ ಸ್ಟಾಪಿನಲ್ಲಿ ನಿಂತು ನೋಡಿದಳು.

ಇಲ್ಲಿಗೆ ಬಂದ ಮೇಲೆ ವಿಡಿಯೋ ಕಾಲಿನಲ್ಲಿ ಅವಳು ಬಂದು ಕೂರುತ್ತಾಳೆ. ನಾನು ಮಾತಾಡಿದರೆ ಒಂದೆರಡು ಮಾತಿಗೆ ಉತ್ತರವನ್ನೂ ಕೊಡುತ್ತಾಳೆ. ಆದರೆ ಫೋನನ್ನು ಅವಳು ನಂಬುವುದಿಲ್ಲ. ಅದರೊಳಗೆ ಅಜ್ಜಿಯೂ ಇದ್ದಾಳೆ.

ಮೊನ್ನೆ ಅಪ್ಪ ಹೊಂಗೆ ಮರದ ಹತ್ತಿರ ತೆಂಗಿನ ಸಸಿ ನೆಡಲು ಒಂದು ಗುಂಡಿ ತೆಗೆದು, ಸಸಿ ಇಟ್ಟು, ಮಣ್ಣು ಮುಚ್ಚಿ ಬಂದಿದ್ದ. ಅಕ್ಕ ಅದನ್ನು ನೋಡಿದವಳು ಸಸಿಯನ್ನು ಕಿತ್ತೆಸೆದು, ಗಟ್ಟಿ ನೆಲ ಸಿಗುವವರೆಗೆ ಕೈಯಿಂದಲೇ ಮಣ್ಣು ಬಗೆದಳಂತೆ. ಉಗುರೆಲ್ಲ ಒಡೆದಿದ್ದವು ಎಂದು ಅಮ್ಮ ಹೇಳಿದಳು. ಅಪ್ಪ ಈಗ ಆ ಕಡೆ ಗುದ್ದಲಿ ಒಯ್ಯುವುದಿಲ್ಲ. ಅಕ್ಕ ದಿನವೂ ಬೆಳಿಗ್ಗೆ ಸೊಪ್ಪಿಗೆ ಹೋಗುವ ಮೊದಲು ತೋಟದ ಬದುವಿನ ಉದ್ದಕ್ಕೂ ಒಂದು ಸುತ್ತು ಹಾಕುತ್ತಾಳಂತೆ. ಎಲ್ಲಿಯಾದರೂ ಹೊಸದಾಗಿ ಮಣ್ಣು ಅಗೆದಿದ್ದಾರೆಯೇ ಎಂದು ನೋಡುತ್ತಾಳಂತೆ. ಇಲ್ಲದಿದ್ದರೆ ಮನೆಗೆ ಬಂದು, ಕೈ ತೊಳೆದುಕೊಂಡು, ಊಟಕ್ಕೆ ಕೂರುತ್ತಾಳಂತೆ.